ಎರಡು ಆಪರೇಟಿಂಗ್ ಸಿಸ್ಟಮ್‌ಗಳ ಕಂಪ್ಯೂಟರ್ ಬೂಟ್ ಆಗದಿದ್ದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ವಿಂಡೋಸ್ ಇರುವ ಕಂಪ್ಯೂಟರಿಗೆ ಲಿನಕ್ಸ್ ಅನ್ನೂ ಹಾಕಿಕೊಂಡವರಿಗೆ ಒಂದಲ್ಲ ಒಂದು ದಿನ ಈ ಸಂಕಟ ಎದುರಾಗುತ್ತದೆ. ನಿನ್ನೆಯವರೆಗೆ ಬರುತ್ತಿದ್ದ ಆಯ್ಕೆಯ ಮೆನು ಇಂದು ಬರುವುದಿಲ್ಲ. ಮೆನು ಬಂದರೂ ಅದರಲ್ಲಿ ವಿಂಡೋಸ್ ಹೆಸರಿರುವುದಿಲ್ಲ. ಇಲ್ಲವೇ ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡಿ ಅಲ್ಲಿಗೇ ಎಲ್ಲವೂ ನಿಂತುಬಿಡುತ್ತದೆ. ‘ಎಲ್ಲ ಹೋಯಿತು, ಮೊದಲಿನಿಂದ ಹಾಕಬೇಕು’ ಎಂದು ಹೆಚ್ಚಿನವರು ತೀರ್ಮಾನಿಸುವುದು ಆಗಲೇ. ಆದರೆ ಬಹುತೇಕ ಸಂದರ್ಭಗಳಲ್ಲಿ ಏನೂ ಹೋಗಿರುವುದಿಲ್ಲ. ಎರಡೂ ಸಿಸ್ಟಮ್‌ಗಳು ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ; ಅವುಗಳವರೆಗೆ ತಲುಪುವ ದಾರಿಯಲ್ಲಿ ಒಂದು ಕೊಂಡಿ ಕಳಚಿರುತ್ತದೆ. ನಿಜವಾದ ನಷ್ಟವಾಗುವುದು ಅದಾದ ಮೇಲೆ, ಗಾಬರಿಯಲ್ಲಿ ಎಲ್ಲೋ ಸಿಕ್ಕ ಆಜ್ಞೆಗಳನ್ನು ಒಂದರ ಮೇಲೊಂದು ಕೊಟ್ಟಾಗ.

ದಾರಿ ಹೀಗಿದೆ. ಪವರ್ ಗುಂಡಿ ಒತ್ತಿದೊಡನೆ ಮದರ್‌ಬೋರ್ಡಿನಲ್ಲೇ ಅಡಕವಾಗಿರುವ ಮೂಲ ಪ್ರೋಗ್ರಾಮ್ ಆದ ಫರ್ಮ್‌ವೇರ್ ಎಚ್ಚರಗೊಂಡು, ತನ್ನ ನೆನಪಿನ ಚಿಪ್‌ನಲ್ಲಿರುವ ಬೂಟ್ ಪಟ್ಟಿಯನ್ನು ಓದುತ್ತದೆ. ಪಟ್ಟಿಯ ಮೊದಲ ಹೆಸರಿಗೆ ಸೇರಿದ ಕಡತವನ್ನು ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ನಲ್ಲಿ (ಪಾರ್ಟಿಷನ್ ಎಂದರೆ ಡಿಸ್ಕನ್ನು ಭಾಗ ಮಾಡಿದ ಒಂದು ಹೋಳು) ಹುಡುಕಿ ತೆರೆಯುತ್ತದೆ. ಆ ಕಡತವೇ ಬೂಟ್‌ಲೋಡರ್; ಲಿನಕ್ಸ್‌ನದಾದರೆ ಸಾಮಾನ್ಯವಾಗಿ ಗ್ರಬ್, ವಿಂಡೋಸ್‌ನದಾದರೆ ವಿಂಡೋಸ್ ಬೂಟ್ ಮ್ಯಾನೇಜರ್. ಅದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನು ಎಬ್ಬಿಸುತ್ತದೆ, ಕರ್ನಲ್ ತನ್ನ ಪಾರ್ಟಿಷನ್‌ಗಳನ್ನು ಜೋಡಿಸಿಕೊಳ್ಳುತ್ತದೆ. ಯಂತ್ರ ಎಲ್ಲಿಯವರೆಗೆ ಬಂದು ನಿಂತಿತು ಎಂದು ಗಮನಿಸಿದರೆ ಯಾವ ಕೊಂಡಿ ಕಳಚಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಕೆಲಸದ ಕ್ರಮದಲ್ಲಿ ನನ್ನದು ಒಂದೇ ಹಟ: ಡಿಸ್ಕನ್ನು ಬರೀ ಓದುವ ಪರೀಕ್ಷೆಗಳೆಲ್ಲ ಮುಗಿಯದೆ ಡಿಸ್ಕಿಗೆ ಬರೆಯುವ ಯಾವ ಕೆಲಸಕ್ಕೂ ಕೈ ಹಾಕಬಾರದು. ಬೂಟ್ ಪಟ್ಟಿಯ ಕ್ರಮ ಬದಲಿಸಿದರೆ ಅರೆ ನಿಮಿಷದಲ್ಲಿ ಮೊದಲಿನಂತೆ ಮಾಡಬಹುದು. ಬೂಟ್‌ಲೋಡರ್ ಕಡತ ಹಾಳಾದರೆ ಇನ್ನೊಮ್ಮೆ ಹಾಕಬಹುದು. ಪಾರ್ಟಿಷನ್ ಅಳಿಸಿದರೆ, ಫಾರ್ಮ್ಯಾಟ್ ಮಾಡಿದರೆ ಹಿಂದಕ್ಕೆ ಬರುವ ಖಾತರಿಯಿಲ್ಲ.

ಕೈ ಹಾಕುವ ಮುನ್ನ

ಮೂರು ಸಿದ್ಧತೆಗಳು ಬೇಕು. ಮೊದಲನೆಯದು, ವಿಂಡೋಸ್‌ನಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್‌ನ 48 ಅಂಕಿಗಳ ಮರುಪಡೆಯುವ ಕೀಲಿ. ‘ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ’ ಎಂದುಕೊಳ್ಳಬೇಡಿ. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಲಾಗಿನ್ ಆದಾಗಲೇ ಡಿಸ್ಕ್ ತಾನಾಗಿ ಗೂಢಲಿಪಿಗೆ ಬದಲಾಗಿರುತ್ತದೆ. ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಕಂಪ್ಯೂಟರಿನಲ್ಲಿ ಉಳಿಸಿದ ಕಡತ ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಎರಡನೆಯದು, ಮುಖ್ಯ ಕಡತಗಳ ಬ್ಯಾಕಪ್, ಬೇರೆಯೇ ಡಿಸ್ಕಿನಲ್ಲಿ. ಎರಡೂ ಸಿಸ್ಟಮ್ ಬೂಟ್ ಆಗದಿದ್ದರೂ ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕಿಗೆ ಹಾಕದೆಯೇ ಲಿನಕ್ಸ್ ನಡೆಸುವ ಪೆನ್‌ಡ್ರೈವ್) ತೆರೆದು ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಮೂರನೆಯದು ಆ ಲೈವ್ ಪೆನ್‌ಡ್ರೈವೇ. ನೀವು ಹಾಕಿರುವ ಲಿನಕ್ಸ್‌ನದೇ ಹೊಸ ಆವೃತ್ತಿಯಾದರೆ ಒಳ್ಳೆಯದು.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಕೆಲಸ ಮಾಡಿ. ಪಾರ್ಟಿಷನ್ ಅಳತೆ ಬದಲಾಗುತ್ತಿರುವಾಗ ಅಥವಾ ಫರ್ಮ್‌ವೇರ್ ಅಪ್‌ಡೇಟ್ ನಡೆಯುತ್ತಿರುವಾಗ ವಿದ್ಯುತ್ ನಿಂತರೆ ಆಗುವ ಹಾನಿ, ನೀವು ಸರಿಪಡಿಸಲು ಹೊರಟ ದೋಷಕ್ಕಿಂತ ದೊಡ್ಡದು. ಯಾವುದೇ ಸೆಟ್ಟಿಂಗ್ ಬದಲಿಸುವ ಮೊದಲು ಆ ಪರದೆಯ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ, ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಮೆನು ಬರುವುದಿಲ್ಲ, ನೇರವಾಗಿ ವಿಂಡೋಸ್ ತೆರೆಯುತ್ತದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೂರು ಇದು, ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವುದೂ ಇದೇ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಕ್ಕೇರಿ ಕುಳಿತಿರುತ್ತದೆ. ಲಿನಕ್ಸ್ ಮಾತ್ರ ಇದ್ದ ಹಾಗೆಯೇ ಇರುತ್ತದೆ.

ಮೊದಲು ಮಾಡಬೇಕಾದದ್ದು: ಕಂಪ್ಯೂಟರ್ ಆನ್ ಮಾಡಿದೊಡನೆ ಕೀಬೋರ್ಡಿನಲ್ಲಿ ಬೂಟ್ ಮೆನುವಿನ, ಅಂದರೆ ಫರ್ಮ್‌ವೇರ್‌ನ ಬೂಟ್ ಪಟ್ಟಿ ತೋರಿಸುವ, ಕೀಲಿ ಒತ್ತುವುದು. ತಯಾರಕರಿಗೆ ತಕ್ಕಂತೆ ಅದು ಎಫ್12, ಎಫ್9, ಎಫ್8 ಅಥವಾ ಎಸ್ಕೇಪ್ ಆಗಿರುತ್ತದೆ. ಕೀಲಿಗೆ ಯಂತ್ರ ಓಗೊಡದಿದ್ದರೆ ವಿಂಡೋಸ್ ಒಳಗಿಂದ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಎಂಬಲ್ಲಿ ಅದೇ ಪಟ್ಟಿ ಸಿಗುತ್ತದೆ. ಅಲ್ಲಿ ‘ಉಬುಂಟು’, ‘ಫೆಡೋರಾ’ ಅಥವಾ ‘ಡೆಬಿಯನ್’ ಎಂಬ ಹೆಸರಿದ್ದು, ಅದನ್ನು ಆಯ್ದಾಗ ಲಿನಕ್ಸ್ ತೆರೆದುಕೊಂಡರೆ ದೋಷ ಕ್ರಮದ್ದು ಮಾತ್ರ. ಫರ್ಮ್‌ವೇರ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಹೆಸರನ್ನು ಮೇಲಕ್ಕೆ ತನ್ನಿ, ಉಳಿಸಿ ಹೊರಬನ್ನಿ. ಇಷ್ಟಕ್ಕೆ ಗ್ರಬ್ ಅನ್ನು ಮತ್ತೆ ಹಾಕುವ ಅಗತ್ಯವಿಲ್ಲ, ಯಾರು ಹೇಳಿದರೂ ಹಾಕಬೇಡಿ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಎರಡು ಸಾಧ್ಯತೆಗಳಿವೆ: ಚಿಪ್‌ನಲ್ಲಿದ್ದ ನಮೂದು ಅಳಿದಿದೆ, ಇಲ್ಲವೇ ಡಿಸ್ಕಿನಲ್ಲಿದ್ದ ಕಡತವೇ ಇಲ್ಲ. ಯಾವುದೆಂದು ತಿಳಿಯಲು ಲೈವ್ ಪೆನ್‌ಡ್ರೈವ್‌ನಿಂದ, ಯುಇಎಫ್‌ಐ (ಹೊಸ ಬಗೆಯ ಫರ್ಮ್‌ವೇರ್) ವಿಧಾನದಲ್ಲೇ, ಬೂಟ್ ಮಾಡಿ. ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಎಫಿಬೂಟ್‌ಎಂಜಿಆರ್ ಎಂಬ ಆಜ್ಞೆಯನ್ನು ಬೇರೇನೂ ಸೇರಿಸದೆ ಕೊಟ್ಟರೆ ಅದು ಪಟ್ಟಿಯನ್ನು ತೋರಿಸುತ್ತದಷ್ಟೇ, ಏನನ್ನೂ ಬದಲಿಸುವುದಿಲ್ಲ. ‘ಬೂಟ್‌ಆರ್ಡರ್’ ಎಂಬ ಸಾಲಿನಲ್ಲಿ ನಾಲ್ಕು ನಾಲ್ಕು ಅಂಕಿಗಳ ಗುಂಪುಗಳು ಅಲ್ಪವಿರಾಮದೊಂದಿಗೆ ಬರುತ್ತವೆ. ಅದರ ಕೆಳಗೆ ಪ್ರತಿ ಸಂಖ್ಯೆಯ ಮುಂದೆ ಒಂದು ಹೆಸರು. ಸಂಖ್ಯೆಯ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಆ ನಮೂದು ಸಕ್ರಿಯವಾಗಿದೆ ಎಂದರ್ಥ. ಹೆಸರಿದ್ದೂ ನಕ್ಷತ್ರವಿಲ್ಲದಿದ್ದರೆ ಅದು ನಿಷ್ಕ್ರಿಯವಾಗಿದೆ. ಅದೇ ಆಜ್ಞೆಯಿಂದ ಮತ್ತೆ ಸಕ್ರಿಯಗೊಳಿಸಿದರೆ ಸಾಕು.

ಹೆಸರಿಲ್ಲದಿದ್ದರೆ ಇಎಫ್‌ಐ ಪಾರ್ಟಿಷನ್ ತೆರೆದು ನೋಡಿ. ಅದು ಡಿಸ್ಕಿನ ಮೊದಲ ಭಾಗದಲ್ಲಿರುವ ಸಣ್ಣ ಫ್ಯಾಟ್32 ಪಾರ್ಟಿಷನ್. ವಿಂಡೋಸ್ ತಾನೇ ಮಾಡಿದ್ದಾದರೆ ಹಲವು ಸಲ 100 ಎಂಬಿ ಇರುತ್ತದೆ. ಒಳಗೆ ‘ಇಎಫ್‌ಐ’ ಫೋಲ್ಡರ್, ಅದರೊಳಗೆ ‘ಮೈಕ್ರೋಸಾಫ್ಟ್’, ‘ಬೂಟ್’ ಮತ್ತು ನಿಮ್ಮ ಲಿನಕ್ಸ್ ಹೆಸರಿನ ಫೋಲ್ಡರ್ ಇರಬೇಕು. ಲಿನಕ್ಸ್ ಫೋಲ್ಡರಿನಲ್ಲಿ ‘ಶಿಮ್ಎಕ್ಸ್64’ ಎಂಬ ಕಡತ (ಗ್ರಬ್‌ಗಿಂತ ಮೊದಲು ಎದ್ದು ಅದನ್ನು ಎಬ್ಬಿಸುವ ಸಣ್ಣ ಬೂಟ್‌ಲೋಡರ್ ಆದ ಶಿಮ್) ಕಂಡರೆ ಸಮಾಧಾನಪಡಿ: ಕಡತವಿದೆ, ನಮೂದು ಮಾತ್ರ ಕಳೆದಿದೆ. ಅನೇಕ ಫರ್ಮ್‌ವೇರ್‌ಗಳಲ್ಲಿ ‘ಆ್ಯಡ್ ಬೂಟ್ ಆಪ್ಷನ್’ ಎಂಬಲ್ಲಿ ಈ ಕಡತವನ್ನು ತೋರಿಸಿ ಹೊಸ ಹೆಸರು ಸೇರಿಸಬಹುದು. ಆ ಸೌಲಭ್ಯವಿಲ್ಲದಿದ್ದರೆ ಎಫಿಬೂಟ್‌ಎಂಜಿಆರ್‌ಗೆ ಡಿಸ್ಕ್, ಪಾರ್ಟಿಷನ್ ಸಂಖ್ಯೆ, ಹೆಸರು ಮತ್ತು ಕಡತದ ದಾರಿ ಈ ನಾಲ್ಕನ್ನು ಕೊಟ್ಟು ಸೇರಿಸಬೇಕು. ಕಡತವೇ ಇಲ್ಲದಿದ್ದರೆ ಮಾತ್ರ ಗ್ರಬ್ ಅನ್ನು ಮತ್ತೆ ಹಾಕುವ ಮಾತು. ಉಬುಂಟು ಬಗೆಯ ಸಿಸ್ಟಮ್‌ಗಳಿಗೆ ಬೂಟ್ ರಿಪೇರ್ ಎಂಬ ಉಪಕರಣವಿದೆ. ಅದರಲ್ಲಿಯೂ ಮೊದಲು ವರದಿ ತಯಾರಿಸುವ ಆಯ್ಕೆ ಒತ್ತಿ, ಓದಿ, ಆಮೇಲೆ ದುರಸ್ತಿಗೆ ಹೋಗಿ.

ಹೊಸದಾಗಿ ಲಿನಕ್ಸ್ ಹಾಕಿದ್ದು, ಮೆನು ಒಮ್ಮೆಯೂ ಕಾಣಿಸಿಕೊಂಡಿಲ್ಲವೆಂದಾದರೆ ಬೇರೆ ಅನುಮಾನ ಪಡಬೇಕು. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಷನ್ ತೆರೆದು ‘ಬಯೋಸ್ ಮೋಡ್’ ಎಂಬ ಸಾಲು ನೋಡಿ. ಅಲ್ಲಿ ಯುಇಎಫ್‌ಐ ಎಂದಿದ್ದು, ಲಿನಕ್ಸ್ ಅನ್ನು ಹಳೆಯ ಲೆಗಸಿ ವಿಧಾನದಲ್ಲಿ ಬೂಟ್ ಆದ ಪೆನ್‌ಡ್ರೈವ್‌ನಿಂದ ಹಾಕಿದ್ದರೆ ಎರಡೂ ಒಂದನ್ನೊಂದು ಕಾಣುವುದೇ ಇಲ್ಲ. ಲೈವ್ ಲಿನಕ್ಸ್‌ನಲ್ಲಿ ‘ಸಿಸ್’ ಫೋಲ್ಡರಿನ ‘ಫರ್ಮ್‌ವೇರ್’ ಒಳಗೆ ‘ಇಎಫ್‌ಐ’ ಎಂಬ ಫೋಲ್ಡರ್ ಇದ್ದರೆ ಪೆನ್‌ಡ್ರೈವ್ ಯುಇಎಫ್‌ಐ ವಿಧಾನದಲ್ಲಿ ತೆರೆದಿದೆ, ಇಲ್ಲದಿದ್ದರೆ ಲೆಗಸಿ. ಒಂದೇ ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಎರಡು ಸಲ ಕಾಣುವುದುಂಟು. ‘ಯುಇಎಫ್‌ಐ’ ಎಂದು ಮುಂದೆ ಬರೆದಿರುವುದನ್ನೇ ಆಯ್ದುಕೊಳ್ಳಬೇಕು.

ಗ್ರಬ್ ಮೆನು ಬರುತ್ತದೆ, ಅದರಲ್ಲಿ ವಿಂಡೋಸ್ ಇಲ್ಲ

ಮೊದಲು ಬೂಟ್ ಮೆನುವಿನ ಕೀಲಿಯಿಂದ ವಿಂಡೋಸ್ ಬೂಟ್ ಮ್ಯಾನೇಜರ್ ಆಯ್ದು ನೋಡಿ. ವಿಂಡೋಸ್ ತೆರೆದರೆ ಅದಕ್ಕೆ ಏನೂ ಆಗಿಲ್ಲ. ಗ್ರಬ್‌ಗೆ ಅದರ ವಿಷಯ ತಿಳಿದಿಲ್ಲ, ಅಷ್ಟೇ.

ಕಾರಣ ಹೆಚ್ಚಾಗಿ ಒಂದೇ. ಬೇರೆ ಸಿಸ್ಟಮ್‌ಗಳನ್ನು ಹುಡುಕಿ ಮೆನುವಿಗೆ ಸೇರಿಸುವ ಓಎಸ್-ಪ್ರೋಬರ್ ಎಂಬ ಸಣ್ಣ ಪ್ರೋಗ್ರಾಮ್ ಅನ್ನು 2021ರಲ್ಲಿ ಬಂದ ಗ್ರಬ್ 2.06ರಿಂದ ಸುರಕ್ಷತೆಯ ದೃಷ್ಟಿಯಿಂದ ಮೊದಲೇ ನಿಲ್ಲಿಸಿಡಲಾಗಿದೆ. ಅದನ್ನು ಮತ್ತೆ ನಡೆಸಲು ‘ಇಟಿಸಿ’ ಫೋಲ್ಡರಿನ ‘ಡಿಫಾಲ್ಟ್’ ಒಳಗಿರುವ ‘ಗ್ರಬ್’ ಕಡತವನ್ನು ನಿರ್ವಾಹಕರ ಹಕ್ಕಿನಿಂದ ತೆರೆದು, ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಎಂಬ ಸಾಲಿಗೆ ‘ಫಾಲ್ಸ್’ ಎಂದು ಬೆಲೆ ಕೊಡಬೇಕು. ಸಾಲಿನ ಹೆಸರೆಲ್ಲ ದೊಡ್ಡ ಅಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್, ಸಮ ಚಿಹ್ನೆಯ ಎರಡೂ ಬದಿ ಖಾಲಿ ಜಾಗವಿಲ್ಲದೆ. ‘ಫಾಲ್ಸ್’ ಮಾತ್ರ ಸಣ್ಣ ಅಕ್ಷರದಲ್ಲಿ. ಸಾಲಿನ ಮುಂದೆ ಹ್ಯಾಶ್ ಗುರುತಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ತೆಗೆಯಿರಿ. ಆಮೇಲೆ ಉಬುಂಟು, ಡೆಬಿಯನ್‌ಗಳಲ್ಲಿ ಅಪ್‌ಡೇಟ್-ಗ್ರಬ್, ಫೆಡೋರಾದಲ್ಲಿ ಗ್ರಬ್2-ಎಂಕೆಕಾನ್ಫಿಗ್ ಆಜ್ಞೆ ಕೊಡಿ. ‘ಫೌಂಡ್ ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಸಾಲು ಬಂದರೆ ಕೆಲಸವಾಯಿತು.

ಓಎಸ್-ಪ್ರೋಬರ್ ನಡೆದರೂ ವಿಂಡೋಸ್ ಸಿಗದಿದ್ದರೆ ವಿಂಡೋಸ್ ಇರುವ ಡಿಸ್ಕ್ ಲಿನಕ್ಸ್‌ಗೆ ಕಾಣುತ್ತಿದೆಯೇ ನೋಡಿ. ಡಿಸ್ಕ್ ಕಂಡೂ ಸಿಗದಿದ್ದರೆ ಮೇಲೆ ಹೇಳಿದ ವಿಧಾನಗಳ ಬೆರಕೆಯೇ ಕಾರಣವಿರಬಹುದು: ಲೆಗಸಿ ವಿಧಾನದಲ್ಲಿ ಎದ್ದ ಗ್ರಬ್, ಯುಇಎಫ್‌ಐ ವಿಧಾನದ ವಿಂಡೋಸ್ ಅನ್ನು ಎಬ್ಬಿಸಲಾರದು.

ವಿಂಡೋಸ್ ನೀಲಿ ಪರದೆ ತೋರಿಸಿ 48 ಅಂಕಿಗಳ ಕೀಲಿ ಕೇಳುತ್ತದೆ

ಇದನ್ನು ಕಂಡು ಹೆದರುವವರೇ ಹೆಚ್ಚು. ಆದರೆ ಇಲ್ಲಿ ಏನೂ ಕೆಟ್ಟಿಲ್ಲ. ಬಿಟ್‌ಲಾಕರ್ ತನ್ನ ಕೆಲಸ ಮಾಡುತ್ತಿದೆ. ಡಿಸ್ಕಿನ ಕೀಲಿಯನ್ನು ಕಾಯುವ ಟಿಪಿಎಂ ಚಿಪ್ ಬೂಟ್ ದಾರಿಯ ಗುರುತುಗಳನ್ನು ಹಿಂದಿನ ಸಲದ ಗುರುತುಗಳಿಗೆ ಹೋಲಿಸುತ್ತದೆ. ನಂಬಿಕೆಯ ಸಹಿ ಇಲ್ಲದ ಬೂಟ್‌ಲೋಡರ್‌ಗಳನ್ನು ತಡೆಯುವ ಸೆಕ್ಯೂರ್ ಬೂಟ್ ಅನ್ನು ಆಫ್ ಮಾಡಿದರೆ, ಫರ್ಮ್‌ವೇರ್ ಅಪ್‌ಡೇಟ್ ಆದರೆ, ವಿಂಡೋಸ್ ಅನ್ನು ಗ್ರಬ್ ಮೂಲಕ ಎಬ್ಬಿಸಿದರೆ ಗುರುತುಗಳು ತಾಳೆಯಾಗದೆ ಚಿಪ್ ಕೀಲಿಯನ್ನು ಬಿಟ್ಟುಕೊಡುವುದಿಲ್ಲ.

ಕೊನೆಯದಾಗಿ ಬದಲಿಸಿದ ಸೆಟ್ಟಿಂಗ್ ಅನ್ನು ಮೊದಲಿನಂತೆ ಮಾಡಿ ನೋಡಿ. ಅನೇಕ ಸಲ ಅಲ್ಲಿಗೇ ಮುಗಿಯುತ್ತದೆ. ಆಗದಿದ್ದರೆ ಗ್ರಬ್ ಅನ್ನು ಬಳಸದೆ ಬೂಟ್ ಮೆನುವಿನಿಂದ ನೇರವಾಗಿ ವಿಂಡೋಸ್ ಬೂಟ್ ಮ್ಯಾನೇಜರ್ ಆಯ್ದು ನೋಡಿ. ಆಗಲೂ ಕೇಳಿದರೆ ಕೀಲಿಯನ್ನು ಕೊಡಲೇಬೇಕು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪುಟದಲ್ಲಿರುತ್ತದೆ. ಕಚೇರಿಯ ಯಂತ್ರವಾದರೆ ಅಲ್ಲಿನ ಕಂಪ್ಯೂಟರ್ ವಿಭಾಗದವರ ಬಳಿ ಇರಬಹುದು. ಖಾತೆಯಲ್ಲಿ ಹಲವು ಕೀಲಿಗಳಿದ್ದರೆ ನೀಲಿ ಪರದೆಯ ಮೇಲಿನ ಕೀಲಿ ಗುರುತಿನ ಮೊದಲ 8 ಅಕ್ಷರಗಳನ್ನು ತಾಳೆ ನೋಡಿ ಸರಿಯಾದದ್ದನ್ನು ಆರಿಸಿ. ಒಳಗೆ ಹೋದ ಮೇಲೆ ಬಿಟ್‌ಲಾಕರ್ ರಕ್ಷಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿದು ಮತ್ತೆ ಶುರು ಮಾಡಿದರೆ ಚಿಪ್ ಹೊಸ ಗುರುತುಗಳನ್ನು ಒಪ್ಪಿಕೊಳ್ಳುತ್ತದೆ.

ಕೀಲಿ ಎಲ್ಲಿಯೂ ಇಲ್ಲವೇ? ಹಾಗಾದರೆ ಇಲ್ಲಿ ನಿಲ್ಲಿಸಿ. ‘ಬಿಡಿಸಿಕೊಡುತ್ತೇವೆ’ ಎನ್ನುವ ಯಾವ ಸಾಫ್ಟ್‌ವೇರ್‌ಗೂ ಹಣ ಕೊಡಬೇಡಿ. ಟಿಪಿಎಂ ಅನ್ನು ‘ಕ್ಲಿಯರ್’ ಮಾಡುವ ಆಯ್ಕೆ ಫರ್ಮ್‌ವೇರ್‌ನಲ್ಲಿ ಕಣ್ಣಿಗೆ ಬಿದ್ದೀತು; ಅದನ್ನು ಒತ್ತಿದರೆ ಸೆಟ್ಟಿಂಗ್ ಹಿಂದಿರುಗಿಸಿ ಒಳಗೆ ಹೋಗುವ ಅವಕಾಶವೂ ಕೈಬಿಟ್ಟು ಹೋಗುತ್ತದೆ.

ಕಪ್ಪು ಪರದೆ, ‘ಗ್ರಬ್ ರೆಸ್ಕ್ಯೂ’ ಎಂಬ ಒಂದೇ ಸಾಲು

ಸಾಲಿನ ಮೇಲೆ ‘ನೋ ಸಚ್ ಪಾರ್ಟಿಷನ್’ ಅಥವಾ ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂದಿರುತ್ತದೆ. ಗ್ರಬ್‌ನ ಮೊದಲ ತುಣುಕು ಎದ್ದಿದೆ, ತನ್ನ ಉಳಿದ ಕಡತಗಳಿರುವ ಫೋಲ್ಡರ್ ಅದಕ್ಕೆ ಸಿಗುತ್ತಿಲ್ಲ ಎಂದು ಇದರ ಅರ್ಥ. ಪಾರ್ಟಿಷನ್‌ಗಳ ಅಳತೆ ಅಥವಾ ಸಂಖ್ಯೆ ಬದಲಾದಾಗ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಇದೇನು ಹೆಸರಿಲ್ಲದ ಪಾರ್ಟಿಷನ್’ ಎಂದು ಲಿನಕ್ಸ್‌ನ ಜಾಗವನ್ನೇ ಅಳಿಸಿದಾಗ ಹೀಗಾಗುತ್ತದೆ. ‘ರೆಸ್ಕ್ಯೂ’ ಎಂಬುದಿಲ್ಲದೆ ಬರೀ ‘ಗ್ರಬ್’ ಎಂದು ಬಂದರೆ ಸ್ಥಿತಿ ತುಸು ಉತ್ತಮ. ಮೆನುವಿನ ಕಡತ ಮಾತ್ರ ಸಿಕ್ಕಿಲ್ಲ.

ಬೂಟ್ ಮೆನುವಿನಿಂದ ವಿಂಡೋಸ್ ತೆರೆಯುತ್ತದೆಯೇ ಎಂದು ಮೊದಲು ನೋಡಿ. ಲಿನಕ್ಸ್ ಅನ್ನು ಬೇಕೆಂದೇ ಅಳಿಸಿದ್ದರೆ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಪಟ್ಟಿಯ ಮೇಲಕ್ಕೆ ತಂದರೆ ಮುಗಿಯಿತು. ಯುಇಎಫ್‌ಐ ಯಂತ್ರಕ್ಕೆ ‘ಫಿಕ್ಸ್‌ಎಂಬಿಆರ್’ ಆಜ್ಞೆಯಿಂದ ಪ್ರಯೋಜನವಿಲ್ಲ; ಅದು ಹಳೆಯ ಲೆಗಸಿ ಯಂತ್ರಗಳ ಮದ್ದು.

ಲಿನಕ್ಸ್ ಬೇಕಾಗಿದ್ದರೆ ಆ ಸಾಲಿನಲ್ಲೇ ಹುಡುಕಬಹುದು, ಮತ್ತು ಈ ಹುಡುಕಾಟದಿಂದ ಡಿಸ್ಕಿಗೆ ಏನೂ ಬರೆಯಲಾಗುವುದಿಲ್ಲ. ‘ಎಲ್‌ಎಸ್’ ಎಂದು ಬರೆದು ಎಂಟರ್ ಒತ್ತಿ. ಆವರಣಗಳೊಳಗೆ ಎಚ್‌ಡಿ0, ಆಮೇಲೆ ಎಚ್‌ಡಿ0 ಅಲ್ಪವಿರಾಮ ಜಿಪಿಟಿ1, ಜಿಪಿಟಿ2 ಹೀಗೆ ಸಾಲು ಬರುತ್ತದೆ. ಒಂದೊಂದನ್ನೂ, ಆವರಣದ ಸಮೇತ, ಕೊನೆಗೆ ಓರೆಗೆರೆ ಹಾಕಿ ‘ಎಲ್‌ಎಸ್’ ಮುಂದೆ ಬರೆದು ನೋಡುತ್ತ ಹೋಗಿ. ಒಂದರಲ್ಲಿ ‘ಅನ್‌ನೋನ್ ಫೈಲ್‌ಸಿಸ್ಟಮ್’ ಎನ್ನುತ್ತದೆ, ಮತ್ತೊಂದರಲ್ಲಿ ಇಎಫ್‌ಐ ಫೋಲ್ಡರ್ ಕಾಣುತ್ತದೆ. ಯಾವುದರಲ್ಲಿ ‘ಬೂಟ್’, ‘ಇಟಿಸಿ’, ‘ಹೋಮ್’, ‘ಯುಎಸ್‌ಆರ್’ ಎಂಬ ಹೆಸರುಗಳು ಒಟ್ಟಿಗೆ ಕಾಣುತ್ತವೋ ಅದೇ ನಿಮ್ಮ ಲಿನಕ್ಸ್. ಅದು ಜಿಪಿಟಿ5 ಎಂದಿಟ್ಟುಕೊಳ್ಳಿ. ‘ಸೆಟ್’ ಆಜ್ಞೆಯಿಂದ ‘ರೂಟ್’ಗೆ ಆ ಪಾರ್ಟಿಷನ್ ಹೆಸರನ್ನೂ ‘ಪ್ರಿಫಿಕ್ಸ್’ಗೆ ಅದೇ ಪಾರ್ಟಿಷನ್‌ನ ‘ಬೂಟ್’ ಒಳಗಿನ ‘ಗ್ರಬ್’ ಫೋಲ್ಡರಿನ ದಾರಿಯನ್ನೂ ಕೊಡಿ. ಆಮೇಲೆ ‘ಇನ್ಸ್‌ಮಾಡ್ ನಾರ್ಮಲ್’, ಕೊನೆಗೆ ‘ನಾರ್ಮಲ್’. ಪರಿಚಿತ ಮೆನು ಬರುತ್ತದೆ. ಇದು ಆ ಒಂದು ಸಲದ ಮಟ್ಟಿಗೆ ಮಾತ್ರ. ಲಿನಕ್ಸ್ ತೆರೆದ ಮೇಲೆ ಗ್ರಬ್-ಇನ್‌ಸ್ಟಾಲ್ ಮತ್ತು ಅಪ್‌ಡೇಟ್-ಗ್ರಬ್ ನಡೆಸಿ ಶಾಶ್ವತ ಮಾಡಬೇಕು. ಲಿನಕ್ಸ್ ಪಾರ್ಟಿಷನ್ ಗೂಢಲಿಪಿಯಲ್ಲಿದ್ದರೆ ಈ ಹುಡುಕಾಟ ನಡೆಯುವುದಿಲ್ಲ, ಲೈವ್ ಪೆನ್‌ಡ್ರೈವ್ ದಾರಿಯೇ ಗತಿ.

ಎಲ್ಲ ಪಾರ್ಟಿಷನ್ ನೋಡಿದರೂ ಆ ಹೆಸರುಗಳು ಕಾಣದಿದ್ದರೆ ಪಾರ್ಟಿಷನ್ ಅಳಿದಿರುವ ಸಾಧ್ಯತೆ ಇದೆ. ಯಂತ್ರವನ್ನು ಆಫ್ ಮಾಡಿ. ವಿಂಡೋಸ್ ಅನ್ನೂ ತೆರೆಯಬೇಡಿ. ಎಸ್‌ಎಸ್‌ಡಿಗಳಲ್ಲಿ ಖಾಲಿಯೆಂದು ಗುರುತಾದ ಜಾಗವನ್ನು ಟ್ರಿಮ್ ಎಂಬ ಏರ್ಪಾಡು ನಿಜವಾಗಿಯೂ ಬರಿದು ಮಾಡಿಬಿಡುತ್ತದೆ; ಯಂತ್ರ ನಡೆದಷ್ಟೂ ಮರಳಿ ಪಡೆಯುವ ಅವಕಾಶ ಕುಗ್ಗುತ್ತದೆ.

‘ಸೆಕ್ಯೂರಿಟಿ ಪಾಲಿಸಿ ವಯೊಲೇಷನ್’ ಎಂದು ಹೇಳಿ ಆರಿಹೋಗುತ್ತದೆ

ಇದು ಸೆಕ್ಯೂರ್ ಬೂಟ್‌ನ ತಡೆ. ಫರ್ಮ್‌ವೇರ್ ನಂಬುವ ಸಹಿ ಇಲ್ಲದ ಅಥವಾ ಹಳೆಯದೆಂದು ಕೈಬಿಟ್ಟ ಬೂಟ್‌ಲೋಡರ್‌ಗೆ ಅದು ದಾರಿ ಕೊಡುವುದಿಲ್ಲ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್‌ಲೋಡರ್‌ಗಳನ್ನು ಹೀಗೆ ತಡೆದಾಗ ಎರಡು ಸಿಸ್ಟಮ್ ಇದ್ದ ಅನೇಕ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಒಮ್ಮೆಲೇ ನಿಂತುಹೋಗಿ, ‘ಶಿಮ್ ಎಸ್‌ಬಿಎಟಿ’ ಎಂಬ ಪದಗಳಿರುವ ಸಂದೇಶ ಬರತೊಡಗಿತು. ಪರಿಹಾರ: ಬಿಟ್‌ಲಾಕರ್ ಕೀಲಿ ಕೈಯಲ್ಲಿಟ್ಟುಕೊಂಡು ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ, ಶಿಮ್ ಮತ್ತು ಗ್ರಬ್ ಸೇರಿದಂತೆ ಎಲ್ಲ ಅಪ್‌ಡೇಟ್‌ಗಳನ್ನು ಹಾಕಿ, ಸೆಕ್ಯೂರ್ ಬೂಟ್ ಅನ್ನು ಮತ್ತೆ ಆನ್ ಮಾಡುವುದು. ಆಫ್ ಮಾಡಿಯೇ ಬಿಟ್ಟುಬಿಡುವವರಿದ್ದಾರೆ; ಆದರೆ ಬೂಟ್ ಹಂತದಲ್ಲೇ ನುಸುಳುವ ದುರುದ್ದೇಶದ ಪ್ರೋಗ್ರಾಮ್‌ಗಳನ್ನು ತಡೆಯುವ ಬಾಗಿಲಿದು, ತೆರೆದಿಡುವುದು ಸರಿಯಲ್ಲ. ಹಳೆಯ ಲೈವ್ ಪೆನ್‌ಡ್ರೈವ್ ಇದೇ ಸಂದೇಶ ಕೊಟ್ಟರೆ ಹೊಸ ಆವೃತ್ತಿಯನ್ನು ಇಳಿಸಿಕೊಂಡು ಪೆನ್‌ಡ್ರೈವ್ ಮತ್ತೆ ಮಾಡಿ.

ಲಿನಕ್ಸ್ ಆಯ್ದ ಮೇಲೆ ಪರದೆ ಕಪ್ಪಾಗುತ್ತದೆ, ಅಥವಾ ‘ಎಮರ್ಜೆನ್ಸಿ ಮೋಡ್’ ಎನ್ನುತ್ತದೆ

ಇಲ್ಲಿಯವರೆಗೆ ಬಂದಿದೆ ಎಂದರೆ ಬೂಟ್‌ಲೋಡರ್ ಸರಿಯಾಗಿಯೇ ಇದೆ, ಅದನ್ನು ಮುಟ್ಟಬೇಡಿ.

ಪರದೆ ಬರೀ ಕಪ್ಪಾಗಿ ನಿಂತರೆ ಅನುಮಾನ ಗ್ರಾಫಿಕ್ಸ್ ಡ್ರೈವರ್ ಮೇಲೆ. ಗ್ರಬ್ ಮೆನುವಿನಲ್ಲಿ ಲಿನಕ್ಸ್ ಹೆಸರಿನ ಮೇಲೆ ನಿಂತು ಇಂಗ್ಲಿಷ್‌ನ ‘ಇ’ ಅಕ್ಷರ ಒತ್ತಿ, ‘ಲಿನಕ್ಸ್’ ಎಂಬ ಪದದಿಂದ ಶುರುವಾಗುವ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಸೇರಿಸಿ ಎಫ್10 ಒತ್ತಿ. ಈ ಬದಲಾವಣೆ ಆ ಸಲಕ್ಕೆ ಮಾತ್ರ. ಪರದೆ ಬಂದರೆ ಸರಿಯಾದ ಡ್ರೈವರ್ ಹಾಕಿಕೊಳ್ಳಿ. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಎನ್‌ವಿಡಿಯಾ ಡ್ರೈವರ್ ಹಾಕಿದ ಮೇಲೆ ಮುಂದಿನ ಬೂಟ್‌ನಲ್ಲಿ ‘ಎಂಓಕೆ’ ಎಂಬ ನೀಲಿ ಪರದೆ ಕೆಲವೇ ಸೆಕೆಂಡು ಬಂದು ಹೋಗುತ್ತದೆ. ಆಗ ಕೀಬೋರ್ಡಿನ ಯಾವುದಾದರೂ ಕೀಲಿ ಒತ್ತಿ ‘ಎನ್‌ರೋಲ್’ ಆಯ್ದು, ಡ್ರೈವರ್ ಹಾಕುವಾಗ ಕೊಟ್ಟ ಪಾಸ್‌ವರ್ಡ್ ಕೊಡದಿದ್ದರೆ ಡ್ರೈವರ್ ಕೆಲಸ ಮಾಡುವುದಿಲ್ಲ.

‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂಬ ಸಾಲು ಒಂದೂವರೆ ನಿಮಿಷ ಎಣಿಸಿ, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ ಲಿನಕ್ಸ್ ಯಾವುದೋ ಪಾರ್ಟಿಷನ್‌ಗಾಗಿ ಕಾದು ಸೋತಿದೆ. ಯಾವ ಪಾರ್ಟಿಷನ್ ಜೋಡಿಸಬೇಕು ಎಂಬ ಪಟ್ಟಿ ‘ಇಟಿಸಿ’ ಫೋಲ್ಡರಿನ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿದೆ. ವಿಂಡೋಸ್ ಕಡೆಯಿಂದ ಒಂದು ಪಾರ್ಟಿಷನ್ ಫಾರ್ಮ್ಯಾಟ್ ಆದರೆ ಅದರ ಗುರುತಿನ ಸಂಖ್ಯೆಯಾದ ಯುಯುಐಡಿ ಬದಲಾಗುತ್ತದೆ, ಪಟ್ಟಿ ಹಳೆಯದನ್ನೇ ಹುಡುಕುತ್ತದೆ. ‘ಬಿಎಲ್‌ಕೆಐಡಿ’ ಆಜ್ಞೆ ಕೊಟ್ಟು ಬರುವ ಯುಯುಐಡಿಗಳನ್ನು ಕಡತದಲ್ಲಿರುವುದರೊಂದಿಗೆ ಹೋಲಿಸಿ, ತಾಳೆಯಾಗದ ಸಾಲಿನ ಮುಂದೆ ಹ್ಯಾಶ್ ಹಾಕಿ. ವಿಂಡೋಸ್ ಡ್ರೈವ್‌ಗಳ ಸಾಲಿಗೆ ‘ನೋಫೇಲ್’ ಎಂದು ಸೇರಿಸಿಟ್ಟರೆ ಮುಂದೆ ಅವು ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ.

ವಿಂಡೋಸ್ ಡ್ರೈವ್ ಲಿನಕ್ಸ್‌ನಲ್ಲಿ ತೆರೆಯುವುದಿಲ್ಲ, ಅಥವಾ ಬರೆಯಲು ಬಿಡುವುದಿಲ್ಲ

ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್ ಇದರ ಮೂಲ. ‘ಶಟ್‌ಡೌನ್’ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ, ಅರ್ಧ ನಿದ್ರೆಗೆ ಜಾರಿ, ಡ್ರೈವ್ ಇನ್ನೂ ತನ್ನದೇ ಎಂಬ ಗುರುತು ಬಿಟ್ಟಿರುತ್ತದೆ. ಅಂಥ ಡ್ರೈವ್‌ಗೆ ಲಿನಕ್ಸ್‌ನಿಂದ ಬರೆದರೆ ಕಡತಗಳು ಹಾಳಾಗುವ ಅಪಾಯವಿದೆ; ಆದ್ದರಿಂದಲೇ ಲಿನಕ್ಸ್ ತಡೆಯುತ್ತದೆ. ಈ ತಡೆಯನ್ನು ಬಲವಂತದಿಂದ ಮುರಿಯುವ ಆಯ್ಕೆಗಳಿವೆ; ಬಳಸಬೇಡಿ. ವಿಂಡೋಸ್‌ಗೆ ಹೋಗಿ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಗುರುತು ತೆಗೆದು ಶಟ್‌ಡೌನ್ ಮಾಡಿ. ಡ್ರೈವ್‌ನಲ್ಲಿ ದೋಷವಿದೆ ಎಂಬ ಸಂದೇಶವಾದರೆ ವಿಂಡೋಸ್‌ನ ಚೆಕ್‌ಡಿಸ್ಕ್‌ನಿಂದಲೇ ಸರಿಪಡಿಸಿ. ವಿಂಡೋಸ್‌ನ ಕಡತ ವ್ಯವಸ್ಥೆಗೆ ವಿಂಡೋಸ್‌ನದೇ ಉಪಕರಣ ಇರಲಿ. ವಿಂಡೋಸ್ ಬಳಸಿ ಬಂದ ಮೇಲೆ ಲಿನಕ್ಸ್‌ನಲ್ಲಿ ವೈಫೈ ಕಾಣೆಯಾಗುವುದಕ್ಕೂ ಕೆಲವೊಮ್ಮೆ ಇದೇ ಕಾರಣ.

ಗಡಿಯಾರ ತಪ್ಪಾಗುತ್ತದೆ

ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಸಮಯ ತಪ್ಪುತ್ತಿದ್ದು, ಆ ವ್ಯತ್ಯಾಸ ನಿಮ್ಮ ಕಾಲವಲಯಕ್ಕೂ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗೂ ಇರುವಷ್ಟೇ ಇದ್ದರೆ ಅದು ದೋಷವಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆ ಎಂದು ವಿಂಡೋಸ್, ಯುಟಿಸಿ ಇದೆ ಎಂದು ಲಿನಕ್ಸ್ ಭಾವಿಸುತ್ತವೆ. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯ ಸ್ಥಳೀಯ ಆರ್‌ಟಿಸಿ (ಆರ್‌ಟಿಸಿ ಎಂದರೆ ಆ ಮದರ್‌ಬೋರ್ಡಿನ ಗಡಿಯಾರ) ಆಯ್ಕೆಗೆ 1 ಎಂದು ಕೊಟ್ಟರೆ ಇಬ್ಬರೂ ಒಂದೇ ಲೆಕ್ಕಕ್ಕೆ ಬರುತ್ತಾರೆ.

ಸಮಯ ಹಲವು ವರ್ಷ ಹಿಂದಕ್ಕೆ ಹೋಗಿ, ಜೊತೆಗೆ ಫರ್ಮ್‌ವೇರ್ ಸೆಟ್ಟಿಂಗ್‌ಗಳೂ ಮರೆತುಹೋಗುತ್ತಿದ್ದರೆ ಮಾತು ಬೇರೆ: ಮದರ್‌ಬೋರ್ಡಿನ ಬಟನ್ ಬ್ಯಾಟರಿ ಸತ್ತಿದೆ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್2032. ಪ್ಲಗ್ ತೆಗೆದು, ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿಕೊಂಡು ಬದಲಿಸಿ. ಹಳೆಯ ಬ್ಯಾಟರಿ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಾಪಾಯವಿದೆ.

ಲಿನಕ್ಸ್ ಹಾಕುವಾಗ ಡಿಸ್ಕೇ ಕಾಣುವುದಿಲ್ಲ

ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ, ಆದರೆ ಹಾಕುವ ಜಾಗದ ಪಟ್ಟಿ ಖಾಲಿ. ಇಂಟೆಲ್ ಯಂತ್ರಗಳಲ್ಲಿ ಡಿಸ್ಕ್ ನಿಯಂತ್ರಣ ಆರ್‌ಎಸ್‌ಟಿ (ಇಂಟೆಲ್‌ನದೇ ಏರ್ಪಾಡು) ಅಥವಾ ರೇಡ್ (ಹಲವು ಡಿಸ್ಕ್‌ಗಳನ್ನು ಸೇರಿಸಿ ಬಳಸುವ ಏರ್ಪಾಡು) ವಿಧಾನದಲ್ಲಿದ್ದರೆ ಹೀಗಾಗುತ್ತದೆ. ಅದನ್ನು ಸಾಮಾನ್ಯ ವಿಧಾನವಾದ ಎಎಚ್‌ಸಿಐಗೆ ಬದಲಿಸಬೇಕು. ಆದರೆ ಸುಮ್ಮನೆ ಬದಲಿಸಿದರೆ ವಿಂಡೋಸ್ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನಿಂತುಬಿಡುತ್ತದೆ. ಸರಿಯಾದ ಕ್ರಮ: ವಿಂಡೋಸ್‌ನಲ್ಲಿ ಬಿಟ್‌ಲಾಕರ್ ತಡೆಹಿಡಿಯಿರಿ, ಬೂಟ್ ಸೆಟ್ಟಿಂಗ್‌ಗಳ ಉಪಕರಣವಾದ ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದಲ್ಲಿ ‘ಸೇಫ್ ಬೂಟ್’ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ ಫರ್ಮ್‌ವೇರ್‌ಗೆ ಹೋಗಿ ಎಎಚ್‌ಸಿಐ ಮಾಡಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆದಾಗ ತಕ್ಕ ಡ್ರೈವರ್ ತಾನೇ ಜೋಡಿಸಿಕೊಳ್ಳುತ್ತದೆ, ಆಮೇಲೆ ಆ ಗುರುತು ತೆಗೆಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೆ ಹೋಗಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಮೇಲೆ ಹೇಳಿದ ‘ಇನ್‌ಆ್ಯಕ್ಸೆಸಿಬಲ್’ ಸಂದೇಶ ಈಗಾಗಲೇ ಬಂದಿದ್ದರೆ ಡಿಸ್ಕ್ ನಿಯಂತ್ರಣದ ವಿಧಾನವನ್ನು ಮೊದಲಿನಂತೆ ಮಾಡಿ, ವಿಂಡೋಸ್ ಮರಳುತ್ತದೆ. ನಿಜವಾಗಿಯೂ ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿದ್ದರೆ ಈ ಸೆಟ್ಟಿಂಗ್ ಮುಟ್ಟಲೇಬೇಡಿ.

ಡಿಸ್ಕ್ ಕಂಡರೂ ಜಾಗ ಬಿಡಿಸಲು ವಿಂಡೋಸ್ ಒಪ್ಪದಿದ್ದರೆ, ಅಂದರೆ 200 ಜಿಬಿ ಖಾಲಿಯಿದ್ದೂ ಅದರ ಸಣ್ಣ ಭಾಗವನ್ನು ಮಾತ್ರ ಕುಗ್ಗಿಸಲು ಬಿಟ್ಟರೆ, ಪೇಜ್ ಫೈಲ್, ಹೈಬರ್ನೇಷನ್ ಕಡತ, ರಿಸ್ಟೋರ್ ಪಾಯಿಂಟ್‌ಗಳಂಥ ಅಲುಗಾಡದ ಕಡತಗಳು ನಡುವೆ ಕೂತಿವೆ. ಅವುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ವಿಂಡೋಸ್ ಪಾರ್ಟಿಷನ್ ಅನ್ನು ವಿಂಡೋಸ್‌ನಿಂದಲೇ ಕುಗ್ಗಿಸುವುದು ಕ್ಷೇಮ.

ಇಲ್ಲಿ ನಿಲ್ಲಿಸಿ, ತಿಳಿದವರ ಬಳಿ ಹೋಗಿ

ಹಾರ್ಡ್ ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ, ಡಿಸ್ಕ್ ಫರ್ಮ್‌ವೇರ್‌ನಲ್ಲೇ ಕಾಣದಿದ್ದರೆ, ಲೈವ್ ಲಿನಕ್ಸ್‌ನಲ್ಲಿ ‘ಐಓ ಎರರ್’ ಸಾಲುಸಾಲಾಗಿ ಬರುತ್ತಿದ್ದರೆ ಅದು ಬೂಟ್ ದೋಷವಲ್ಲ, ಡಿಸ್ಕಿನ ದೋಷ. ಪ್ರತಿ ದುರಸ್ತಿ ಪ್ರಯತ್ನವೂ ಅದರ ಉಳಿದ ಆಯುಷ್ಯವನ್ನು ತಿನ್ನುತ್ತದೆ. ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ ಬ್ಯಾಟರಿ ಊದಿರಬಹುದು. ಚಾರ್ಜರ್ ತೆಗೆದು ಯಂತ್ರವನ್ನು ಆಫ್ ಮಾಡಿ, ನೀವೇ ಬಿಚ್ಚಲು ಹೋಗಬೇಡಿ. ವಿಂಡೋಸ್ ‘ಈ ಡ್ರೈವ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಅದು ಲಿನಕ್ಸ್ ಪಾರ್ಟಿಷನ್ ಆಗಿರಬಹುದು. ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ ಎಂಬುದಷ್ಟೇ ಅದರ ಅರ್ಥ. ‘ಕ್ಯಾನ್ಸಲ್’ ಒತ್ತಿ.

ಸಹಾಯ ಕೇಳುವಾಗ ಇಷ್ಟು ವಿವರ ಕೊಡಿ: ಕಂಪ್ಯೂಟರಿನ ಮಾದರಿ, ಎರಡೂ ಸಿಸ್ಟಮ್‌ಗಳ ಆವೃತ್ತಿ, ದೋಷ ಕಾಣುವ ಮುನ್ನ ಕೊನೆಯದಾಗಿ ಏನು ಬದಲಾಗಿತ್ತು, ಪರದೆಯ ಮೇಲೆ ಬಂದ ಸಂದೇಶದ ಫೋಟೊ, ಎಫಿಬೂಟ್‌ಎಂಜಿಆರ್ ಮತ್ತು ಬಿಎಲ್‌ಕೆಐಡಿ ತೋರಿಸಿದ ಸಾಲುಗಳು, ಅದುವರೆಗೆ ನೀವು ಕೊಟ್ಟ ಆಜ್ಞೆಗಳು ಒಂದೂ ಬಿಡದಂತೆ. ಬಿಟ್‌ಲಾಕರ್ ಕೀಲಿಯನ್ನು ಮಾತ್ರ ಯಾರಿಗೂ ಕಳುಹಿಸಬೇಡಿ. ಬೇಕಾದಾಗ ನೀವೇ ಕುಳಿತು ಒತ್ತಿ.